ನಿಲ್ಲಲು ಬಲ್ಲ ಯಂತ್ರ

ಊರು ಮೊಳಕಾಲ್ಮೂರು ಕಡೆ, ಕೆಲಸ ಸಾಫ್ಟ್‌ವೇರು ಎಂದು ಹೇಳಿಕೊಂಡರೆ ಬೆಂಗಳೂರಿನ ಯಾವುದೇ ಕೂಟದಲ್ಲಿ ಒಬ್ಬರಾದರೂ ಜಕಾರ್ಡ್ ಕಥೆ ತೆಗೆಯುತ್ತಾರೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ತೂತು ಹೊಡೆದ ಅಟ್ಟೆಗಳಿಂದ ರೇಷ್ಮೆ ಮಗ್ಗ ನಡೆಸಿದ. ಅದನ್ನು ಕಂಡು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ಅಂಥವೇ ಅಟ್ಟೆಗಳನ್ನು ಹಾಕಲು ಹೊರಟ. ಅಮೆರಿಕದ ಹೊಲೆರಿತ್ 1890ರ ಜನಗಣತಿಯನ್ನು ತೂತಿನ ಕಾರ್ಡುಗಳಲ್ಲಿ ಎಣಿಸಿದ. ಅಲ್ಲಿಂದ ಐಬಿಎಂ, ಅಲ್ಲಿಂದ ನಾವೆಲ್ಲ. "ಅಂದ್ರೆ ಕೋಡಿಂಗ್ ನಿಮ್ಮ ರಕ್ತದಲ್ಲೇ ಇದೆ ಬಿಡಿ ಸಾರ್" ಎಂದು ಕಥೆಗೆ ಮಂಗಳ ಹಾಡುತ್ತಾರೆ. ಕಥೆ ಸುಳ್ಳಲ್ಲ. ಆದರೆ ಸೋದರಮಾವನ ಮಗ್ಗದ ಪಕ್ಕ ಬೇಸಿಗೆ ರಜೆಗಳನ್ನು ಕಳೆದ ನನಗೆ ಆ ಅಟ್ಟೆಗಳು ಅಷ್ಟು ದೊಡ್ಡ ವಿಷಯವಾಗಿ ಯಾವತ್ತೂ ಕಂಡಿಲ್ಲ. ಅಟ್ಟೆ ಹೇಳಿದ್ದನ್ನು ಮಾಡುತ್ತದೆ, ಅಷ್ಟೆ. ಹೇಳಿದ್ದನ್ನು ಮಾಡುವ ಯಂತ್ರಕ್ಕೆ ಬರಗಾಲ ಯಾವ ಕಾಲದಲ್ಲೂ ಇರಲಿಲ್ಲ. ಆ ಮಗ್ಗದ ಮನೆಯಲ್ಲಿ ನಾನು ಬೆರಗಾಗಿ ನೋಡುತ್ತಿದ್ದದ್ದು ಬೇರೆ.

ಮಾವನದು ಗುಂಡಿಮಗ್ಗ. ಕಾಲು ನೆಲದ ಗುಂಡಿಯೊಳಗೆ, ಸೊಂಟದಿಂದ ಮೇಲಷ್ಟೇ ನಮಗೆ ಕಾಣುತ್ತಿದ್ದ. ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ, ಅದರಿಂದ ಇಳಿಬಿದ್ದ ನೂರಾರು ದಾರ, ಬದಿಯಲ್ಲಿ ಒಂದಕ್ಕೊಂದು ಹೊಲಿದು ಮಾಲೆ ಮಾಡಿದ ಅಟ್ಟೆಗಳು. ಮೆಟ್ಟು ತುಳಿದರೆ ಒಂದು ಅಟ್ಟೆ ಹೊರಳಿ ಬಂದು ಸೂಜಿಗಳಿಗೆ ಒತ್ತಿಕೊಳ್ಳುತ್ತದೆ. ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆಗೆ ಕಟ್ಟಿದ ಎಳೆ ಮೇಲೇಳುತ್ತದೆ. ತೂತಿಲ್ಲದ ಕಡೆ ಎಳೆ ಇದ್ದಲ್ಲೇ ಇರುತ್ತದೆ. ಎದ್ದ ಎಳೆ, ಏಳದ ಎಳೆಗಳ ನಡುವಿನ ಸಂದಿನಲ್ಲಿ ಲಾಳಿ ಓಡುತ್ತದೆ. ಒಂದು ಹೊಕ್ಕಿಗೆ ಒಂದು ಅಟ್ಟೆ. ಅಂಚಿನ ನವಿಲು ಕತ್ತೆತ್ತಿ ಗರಿ ಬಿಚ್ಚುವಷ್ಟರಲ್ಲಿ ಮಾಲೆ ಒಂದು ಸುತ್ತು ಬಂದಿರುತ್ತದೆ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುವ ಮೂರು ಲಾಳಿಯ ಸೀರೆಗೆ ನೇಯುವವನ ಪಕ್ಕ ಇನ್ನೊಬ್ಬರು ಕೂರಬೇಕು, ಆಚೆ ಅಂಚಿನ ಲಾಳಿ ಹಾಕಲು. ರಜೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

ಹಾಸಿನಲ್ಲಿ ಸಾವಿರಾರು ಎಳೆ. ಅದರಲ್ಲೊಂದು ಪಟ್ಟನೆ ಕಡಿಯುತ್ತದೆ. ಜಕಾರ್ಡಿಗೆ ಅದು ಗೊತ್ತಾಗುವುದಿಲ್ಲ. ಅಟ್ಟೆಗಳು ತಮ್ಮ ಪಾಡಿಗೆ ತಿರುಗುತ್ತವೆ, ಕೊಕ್ಕೆ ಇಲ್ಲದ ಎಳೆಯನ್ನು ಎತ್ತುತ್ತದೆ, ಇಳಿಸುತ್ತದೆ. ನೇಯ್ಗೆ ಮುಂದೆ ಸಾಗುತ್ತದೆ, ಬಟ್ಟೆಯ ಉದ್ದಕ್ಕೆ ಕೂದಲೆಳೆಯಷ್ಟು ತೆಳುವಾದ ಸೀಳೊಂದು ಬೆಳೆಯುತ್ತದೆ. ಮಾವನ ಕೈ ಅಷ್ಟರಲ್ಲಿ ನಿಂತಿರುತ್ತಿತ್ತು. ಹೇಗೆ ಗೊತ್ತಾಯಿತು ಎಂದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಮೆಟ್ಟಿನಿಂದ ಕಾಲು ತೆಗೆದು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ತುಂಡಾದ ತುದಿಯನ್ನು ಉಗುರಿನಿಂದ ಎತ್ತುತ್ತಿದ್ದ. ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ರೇಷ್ಮೆಯ ತುಣುಕೊಂದನ್ನು ಸೇರಿಸಿ, ಎರಡು ಬೆರಳಿನ ನಡುವೆ ಹೊಸೆದು, ಹಣಿಗೆಯ ಸಂದಿನಲ್ಲಿ ತೂರಿಸಿ ಎಳೆದು ಬಿಗಿ ಮಾಡುವಷ್ಟರಲ್ಲಿ ನಾನು ಹೊರಗೆ ಹೋಗಿ ನೀರು ಕುಡಿದು ಬರಬಹುದಿತ್ತು.

"ಒಂದೇ ಎಳೆ ಅಲ್ವ ಮಾವ, ಬಿಟ್ರೆ ಏನಾಗ್ತೈತೆ?" ಎಂದು ಒಮ್ಮೆ ಕೇಳಿದ್ದೆ.

"ಈಗ ನಿಲ್ಸಿದ್ರೆ ಒಂದು ಎಳೆ ಅಳಿಯ. ನೇಯ್ದ ಮ್ಯಾಲೆ ಗೊತ್ತಾದ್ರೆ ಒಂದು ಸೀರೆ" ಎಂದ.

ನೇಯಲು ಎಲ್ಲರೂ ಕಲಿಯಬಹುದು, ನಿಲ್ಲಿಸುವುದಕ್ಕೆ ವರ್ಷಗಳು ಬೇಕು ಎನ್ನುವುದು ಆ ಕೇರಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ತಿಳಿದಿದ್ದ ಮಾತು.

ಮೊಳಕಾಲ್ಮೂರು ಅಮ್ಮನ ತವರು. ನಮ್ಮ ಮನೆ ಇದ್ದದ್ದು ಚಳ್ಳಕೆರೆಯಲ್ಲಿ. ಅಪ್ಪ ಎಣ್ಣೆ ಮಿಲ್ಲೊಂದರ ಗುಮಾಸ್ತರು. ಶೇಂಗಾ ಎಣ್ಣೆಯ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ನಮ್ಮೂರೇ ಎಂದು ಹಿರಿಯರು ಕೊಚ್ಚಿಕೊಳ್ಳುತ್ತಿದ್ದ ಕಾಲ ಆಗಲೇ ಇಳಿಮುಖವಾಗಿತ್ತು. ಮಳೆ ಕೈಕೊಡುತ್ತಿತ್ತು, ತೊಂಬತ್ತರ ದಶಕದಲ್ಲಿ ಹೊರದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆದಿತ್ತು. ಆದರೂ ಸುಗ್ಗಿಯಲ್ಲಿ ಇಡೀ ಊರು ಹಿಂಡಿಯ ವಾಸನೆ ಹೊಡೆಯುತ್ತಿತ್ತು. ಅಪ್ಪನ ಅಂಗಿಗೂ ಅದೇ ವಾಸನೆ. ಸಂಜೆ ರೋಕಡಿ ತಾಳೆಯಾಗದೆ ಅವರು ಮನೆಗೆ ಬರುತ್ತಿರಲಿಲ್ಲ. ನಾಲ್ಕಾಣೆ ಹೆಚ್ಚಿಗೆ ಬಂದರೂ ಅಷ್ಟೆ, ಕಮ್ಮಿ ಬಂದರೂ ಅಷ್ಟೆ. ಹೆಚ್ಚು ಬಂದರೆ ಒಳ್ಳೆಯದೇ ಅಲ್ಲವೇ ಎನ್ನುವ ನನ್ನ ತರ್ಕಕ್ಕೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾಲ್ಕಾಣೆ ಹೆಚ್ಚಿದೆ ಎಂದರೆ ಒಳಗೆ ಎಲ್ಲೋ ನಾನೂರು ಹೆಚ್ಚಾಗಿ, ಮುನ್ನೂರ ತೊಂಬತ್ತೊಂಬತ್ತು ಮುಕ್ಕಾಲು ಕಮ್ಮಿಯಾಗಿ ಕೂತಿರಬಹುದು ಎನ್ನುವುದು ಅವರ ಲೆಕ್ಕ.

ಮಿಲ್ಲಿಗೆ ಕಂಪ್ಯೂಟರ್ ಬಂತು, ಅದರಲ್ಲಿ ಟ್ಯಾಲಿ ಬಂತು. ಬೆಂಗಳೂರಿನಲ್ಲಿ ನೆಲೆ ಕಂಡ ಆ ಕಂಪನಿಯ ಸಾಫ್ಟ್‌ವೇರನ್ನು ಕರ್ನಾಟಕದ ಗುಮಾಸ್ತರು ಬಹಳ ಬೇಗ ತಮ್ಮದು ಮಾಡಿಕೊಂಡರು. ಅಪ್ಪ ಮೊದಲು ಅನುಮಾನದಿಂದಲೇ ನೋಡಿದರು. ಒಂದು ದಿನ ಆರಂಭದ ಶಿಲ್ಕುಗಳನ್ನು ತುಂಬಿದ ಮೇಲೆ ಅಢಾವೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ಎರಡು ಬದಿಗೂ ಇಷ್ಟು ವ್ಯತ್ಯಾಸವಿದೆ ಎಂದು ಅದು ಒಂದು ಸಾಲು ತೋರಿಸಿತು. ಅಪ್ಪನ ಮುಖ ಅರಳಿತು. "ಇದು ಮುಚ್ಚಿಡಾದಿಲ್ಲ ಕಣೋ" ಎಂದರು. ಒಂದು ಸಾಫ್ಟ್‌ವೇರಿಗೆ ಅಂಥ ಸರ್ಟಿಫಿಕೇಟು ನಾನು ಆಮೇಲೆ ಕೇಳಿಲ್ಲ.

ನಾನು ಪ್ರೋಗ್ರಾಮಿಂಗ್ ಕಲಿತದ್ದು ಚಳ್ಳಕೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ. ಮೈಕ್ರೋಸಾಫ್ಟಿನ ವಿಷುಯಲ್ ಬೇಸಿಕ್ 6 ಬಂದು ಒಂದೆರಡು ವರ್ಷವಾಗಿತ್ತು. ಮಹಡಿಯ ಮೇಲೆ ಒಂದು ಕೋಣೆ, ಗೋಡೆಗೆ ಮುಖ ಮಾಡಿದ ಕಂಪ್ಯೂಟರುಗಳು, ಚಪ್ಪಲಿ ಹೊರಗೆ ಬಿಡಬೇಕು, ಧೂಳು ಬರುತ್ತದೆಂದು ಕಿಟಕಿ ತೆರೆಯುವಂತಿಲ್ಲ. ಲೋಡ್ ಶೆಡ್ಡಿಂಗ್ ಕಾಲ. ಒಂದು ಕಂಪ್ಯೂಟರಿಗೆ ಇಬ್ಬರು: ಒಬ್ಬ ಕೀಲಿ ಒತ್ತುತ್ತಿದ್ದ, ಇನ್ನೊಬ್ಬ ಕರೆಂಟಿನ ಮೇಲೆ ಕಣ್ಣಿಟ್ಟಿರುತ್ತಿದ್ದ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕಲಿಸುತ್ತಿದ್ದವರು ಒಳ್ಳೆಯವರೇ. ಪಾಪ, ತಿಂಗಳ ಕೊನೆಗೆ ಎಲ್ಲ ಹುಡುಗರ ಪ್ರಾಜೆಕ್ಟೂ ಓಡಬೇಕು, ಪೋಷಕರಿಗೆ ತೋರಿಸಬೇಕು. ಪ್ರೋಗ್ರಾಮು ತಪ್ಪು ಕಂಡಲ್ಲೆಲ್ಲ ನಿಂತು ಗಂಟೆ ಬಾರಿಸುತ್ತಿತ್ತು. ಅದಕ್ಕೆ ಅವರು ಒಂದು ಮದ್ದು ಕೊಟ್ಟರು. "ಎಲ್ಲಕ್ಕಿಂತ ಮೇಲೆ ಈ ಒಂದು ಸಾಲು ಹಾಕ್ರಪ್ಪ. ಎರರ್ ಬರಾದಿಲ್ಲ."

ಆ ಸಾಲು 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್'. ತಪ್ಪಾದರೆ ಚಿಂತೆಯಿಲ್ಲ, ಮುಂದಿನ ಸಾಲಿಗೆ ನಡೆ ಎಂದು ಯಂತ್ರಕ್ಕೆ ಕೊಡುವ ಅಪ್ಪಣೆ. ಹಾಕಿದೆವು. ನಿಜವಾಗಿಯೂ ಎರರ್ ಬರಲಿಲ್ಲ. ಪಕ್ಕದ ಹುಡುಗ ಬಡ್ಡಿ ಲೆಕ್ಕ ಹಾಕುವ ಪ್ರೋಗ್ರಾಮು ಬರೆದಿದ್ದ. ಅವಧಿ ಬರೆಯುವ ಜಾಗದಲ್ಲಿ ಅಂಕಿಯ ಬದಲು ಹೆಸರು ತುಂಬಿದರೂ ಅದು ಗಾಬರಿಯಾಗದೆ ಬಡ್ಡಿ ಹೇಳಿತು. ಕೋಣೆಯಲ್ಲಿದ್ದವರೆಲ್ಲ ನಕ್ಕೆವು. ನನಗೆ ಮಾವನ ಕೈಬೆರಳು ಕಣ್ಣಿಗೆ ಕಟ್ಟಿ ಒಂದು ಥರ ಮುಜುಗರವೂ ಆಯಿತು. ಎಳೆ ಕಡಿದ ಸದ್ದೇ ಕೇಳದಂತೆ ಮಗ್ಗದ ಕಿವಿಗೆ ಹತ್ತಿ ತುರುಕಿದ್ದೆವಲ್ಲ.

ಬೆಂಗಳೂರಿಗೆ ಹೋದ ಮೇಲೆ ಗೊತ್ತಾಯಿತು, ಆ ಸಾಲು ಚಳ್ಳಕೆರೆಗೆ ಮಾತ್ರ ಸೇರಿದ್ದಲ್ಲ. ಭಾಷೆ ಜಾವಾ ಆಯಿತು, ಸಾಲಿನ ರೂಪ ಬದಲಾಯಿತು. ಈಗ ಅದು ಖಾಲಿ 'ಕ್ಯಾಚ್' ಬ್ಲಾಕು. ಈ ಕೆಲಸ ಮಾಡಲು ಯತ್ನಿಸು, ಎಡವಿದರೆ ಹಿಡಿ ಎಂದು ಬರೆಯುತ್ತೇವೆ. ಹಿಡಿದ ಮೇಲೆ ಏನು ಮಾಡಬೇಕು ಎನ್ನುವ ಜಾಗವನ್ನು ಖಾಲಿ ಬಿಡುತ್ತೇವೆ. ಡೆಮೋ ದಿನ ತೆರೆ ಕೆಂಪಾಗಬಾರದು, ಗಿರಾಕಿಯ ಎದುರು ಮರ್ಯಾದೆ ಹೋಗಬಾರದು. ದುಡ್ಡಿನ ವ್ಯವಹಾರದ ಕೋಡಿನಲ್ಲಿ ಇಂಥ ಖಾಲಿ ಜಾಗ ಕಂಡು ಒಬ್ಬ ಹುಡುಗನನ್ನು ಕೇಳಿದೆ. "ಯೂಸರ್‌ಗೆ ಸುಮ್ಮನೆ ಯಾಕೆ ಹೆದರಿಸೋದು ಸಾರ್" ಎಂದ. ಅವನ ಮೇಲೆ ನನಗೆ ಕೋಪವಿಲ್ಲ. ನಿಲ್ಲದೆ ಓಡುವುದೇ ಗುಣಮಟ್ಟ ಎಂದು ಅವನ ಕಿವಿಯಲ್ಲಿ ಯಾರೋ ಊದಿದ್ದರು. ನನ್ನ ಅನುಭವದಲ್ಲಿ, ಬಿದ್ದು ಸತ್ತ ಪ್ರೋಗ್ರಾಮಿನಿಂದ ಹಾಳಾದವರು ಕಮ್ಮಿ. ಸಾಯದೆ, ಸುಳ್ಳು ಲೆಕ್ಕ ಹೇಳುತ್ತ ಓಡಿದ ಪ್ರೋಗ್ರಾಮಿನಿಂದ ಹಾಳಾದವರೇ ಹೆಚ್ಚು.

ಅದೇ ಕಾಲದಲ್ಲಿ ಆಫೀಸಿಗೆ 'ಕಾನ್‌ಬಾನ್' ಬಂತು. ಗೋಡೆ ತುಂಬ ಹಳದಿ ಚೀಟಿ: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ಕಲಿಸಲು ಬಂದ ಮಹಾಶಯರು ಇದು ಟೊಯೋಟಾ ಕಾರ್ಖಾನೆಯ ಪದ್ಧತಿ ಎಂದರು, ತಪ್ಪು ಕಂಡ ಕೂಡಲೇ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದು ಎಂದರು. ಟೊಯೋಟಾ ಎಂದರೆ ಬಿಡದಿಯ ಕಾರು ಎಂದುಕೊಂಡಿದ್ದವನು ಕುತೂಹಲಕ್ಕೆ ಹುಡುಕಿಕೊಂಡು ಹೋದೆ. ಹೋದವನು ಮುಟ್ಟಿದ್ದು ಮಗ್ಗಕ್ಕೆ! ಜಪಾನಿನ ಸಾಕಿಚಿ ಟೊಯೋಡಾ ಬಡಗಿಯ ಮಗ. 1896ರಲ್ಲಿ ಅವನು ಮಾಡಿದ ಯಂತ್ರಮಗ್ಗ ಹೊಕ್ಕಿನ ನೂಲು ಕಡಿದರೆ ತಾನಾಗಿ ನಿಲ್ಲುತ್ತಿತ್ತು. 1924ರ ಮಗ್ಗ ಹಾಸಿನ ಎಳೆ ಕಡಿದರೂ ನಿಲ್ಲುತ್ತಿತ್ತು. ಅದಕ್ಕೆ ಮೊದಲು ಪ್ರತಿ ಮಗ್ಗದ ಮುಂದೆ ಒಬ್ಬರು ಕಣ್ಣು ಕೀಲಿಸಿ ನಿಲ್ಲಬೇಕಿತ್ತು. ಆಮೇಲೆ ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳುವಂತಾಯಿತು, ನಿಂತದ್ದರ ಹತ್ತಿರ ಹೋದರೆ ಸಾಕು. ಆ ಮಗ್ಗದ ಪೇಟೆಂಟನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡುಕೊಂಡಿತು. ಮಗ ಕಿಚಿರೋ ಕಾರಿನ ಕಡೆ ಹೊರಳಿದ. ಮಗ್ಗದ ಮನೆಯ ಆ ಬುದ್ಧಿಯೇ ಕಾರಿನ ಕಾರ್ಖಾನೆಗೆ ಹೋಗಿ, ಅಲ್ಲಿಂದ ಸುತ್ತು ಹೊಡೆದು, ಹಳದಿ ಚೀಟಿಗಳ ಜೊತೆಗೆ ನನ್ನ ಮುಂದಿನ ಗೋಡೆಯವರೆಗೂ ಬಂದಿತ್ತು. ಕೂಟಗಳಲ್ಲಿ ಜಕಾರ್ಡ್ ಕಥೆ ಹೇಳುವವರು ಒಮ್ಮೆ ಟೊಯೋಡಾ ಕಥೆಯನ್ನೂ ಹೇಳಲಿ. ಜಕಾರ್ಡ್ ಯಂತ್ರಕ್ಕೆ ಹೇಳಿದಂತೆ ಕೇಳುವುದನ್ನು ಕಲಿಸಿದ. ಟೊಯೋಡಾ ನಿಲ್ಲುವುದನ್ನು ಕಲಿಸಿದ. ನಮ್ಮ ಉದ್ಯಮ ಮೊದಲನೆಯದನ್ನು ಚೆನ್ನಾಗಿ ಕಲಿತಿದೆ. ಎರಡನೆಯದರಲ್ಲಿ ಚೀಟಿ ಅಂಟಿಸುವುದನ್ನಷ್ಟೇ ಕಲಿತಿದೆ.

ಚಳ್ಳಕೆರೆಯ ಹುಡುಗನೊಬ್ಬ ಈ ವಿಷಯ ಎತ್ತಿದ ಮೇಲೆ ಚಂದ್ರಯಾನದ ಮಾತು ಬಾರದಿರುವುದಿಲ್ಲ. ಕುದಾಪುರದ ಸುತ್ತಿನ ಅಮೃತಮಹಲ್ ಕಾವಲು ನಮ್ಮ ಕಾಲದಲ್ಲಿ ಹುಲ್ಲು, ಕುರಿ, ಕಂಬಳಿ ಹೊದ್ದ ಕುರಿಗಾಹಿ, ಬಿಸಿಲು, ಇಷ್ಟೇ. ಈಗ ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ, 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಓ ವಿಮಾನ ಪರೀಕ್ಷಾ ಕೇಂದ್ರ, ಇಸ್ರೋ, ಬಾರ್ಕ್. ಗೋಡೆ ಎದ್ದು ಮೇವು ಕಳೆದುಕೊಂಡವರ ಸಿಟ್ಟು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಸಿಟ್ಟಿಗೆ ಕಾರಣವಿತ್ತು. ಅದನ್ನು ಬರೆಯಲು ಕೂತರೆ ಇನ್ನೊಂದು ಲೇಖನವಾಗುತ್ತದೆ. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಚಂದ್ರನ ನೆಲದಂಥ ಕುಳಿಗಳನ್ನು ತೋಡಿ, ಅವುಗಳ ಮೇಲೆ ವಿಮಾನ ಹಾರಿಸಿ, ಲ್ಯಾಂಡರಿನ ಸೆನ್ಸರುಗಳಿಗೆ ನೆಲ ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ನೋಡಿತು.

2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಇನ್ನೇನು ಇಳಿಯಬೇಕು ಎನ್ನುವಾಗ ಸಂಪರ್ಕ ಕಡಿಯಿತು. ಏನಾಯಿತೆಂದು ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಬಿಡಿಸಿ ಹೇಳಿದರು. ಐದು ಎಂಜಿನ್ನುಗಳು ನಿರೀಕ್ಷೆಗಿಂತ ಹೆಚ್ಚು ಒತ್ತು ಕೊಟ್ಟವು. ಸಣ್ಣ ಸಣ್ಣ ತಪ್ಪು ಕೂಡುತ್ತ ಹೋಯಿತು. ಅದನ್ನು ಸರಿಪಡಿಸಲು ನೌಕೆ ಬಹಳ ವೇಗವಾಗಿ ತಿರುಗಬೇಕಾಯಿತು, ಅಷ್ಟು ತಿರುಗಲು ಸಾಫ್ಟ್‌ವೇರು ಬಿಡಲಿಲ್ಲ. ಇಳಿಯಲು ಗೊತ್ತು ಮಾಡಿದ್ದ ಜಾಗ ಅರ್ಧ ಕಿಲೋಮೀಟರ್ ಚೌಕ, ಅದನ್ನೇ ಮುಟ್ಟಬೇಕೆಂದು ನೌಕೆ ನೆಲ ಹತ್ತಿರವಾದರೂ ವೇಗ ಹೆಚ್ಚಿಸಿತು. ಮುಂದಿನ ಸಲ ಯೋಚನೆಯನ್ನೇ ತಿರುಗಿಸಿದರು: ಏನೇನು ಸರಿಯಾಗಿ ನಡೆಯುತ್ತದೆ ಎಂದು ಕೂರುವುದಲ್ಲ, ಏನೇನು ಕೆಡಬಹುದು ಎಂದು ಪಟ್ಟಿ ಮಾಡಿ ಒಂದೊಂದಕ್ಕೂ ದಾರಿ ಇಡುವುದು. ಇಳಿಯುವ ಜಾಗ ಸುಮಾರು ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ನಡುವಿನ ಎಂಜಿನ್ ಹೋಯಿತು, ಇಂಧನ ಹೆಚ್ಚಿತು. 2023ರ ಆಗಸ್ಟ್ 23ರಂದು ಹೊಸ ವಿಕ್ರಮ್ ಇಳಿಯಿತು.

ಅದೇ ವರ್ಷ ಏಪ್ರಿಲ್ 2ರ ಬೆಳಗ್ಗೆ ನಮ್ಮ ಕಾವಲಿನ ಮೇಲೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಸ್ರೋದ ರೆಕ್ಕೆಯ ಪುಟ್ಟ ನೌಕೆಯೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಪೈಲಟ್ ಇಲ್ಲದೆ ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಇಳಿಯಿತು. ಮರುವರ್ಷ ಮಾರ್ಚಿನಲ್ಲಿ ಮತ್ತೆ ಬಿಟ್ಟರು, ಈ ಸಲ ಬೇಕೆಂದೇ ರನ್‌ವೇಯ ನೇರದಿಂದ 150 ಮೀಟರ್ ಆಚೆ. ಜೂನ್‌ನಲ್ಲಿ 500 ಮೀಟರ್ ಆಚೆ, ಗಾಳಿಯೂ ಜೋರಾಗಿದ್ದಾಗ. ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ನೆಲ ಮುಟ್ಟಿ, ಬಾಲದಲ್ಲಿ ಪ್ಯಾರಾಚೂಟು ಬಿಚ್ಚಿಕೊಂಡು, ನಡುಗೆರೆ ಹಿಡಿದು ನಿಂತಿತು. ಸಲೀಸಾಗಿ ಗೆದ್ದ ಪರೀಕ್ಷೆಯನ್ನು ಅಷ್ಟಕ್ಕೇ ಬಿಡದೆ, ತಾವೇ ಕೆಡಿಸಿ ಮತ್ತೆ ನೋಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮಲ್ಲಿ ಪರೀಕ್ಷೆಗೆ ಇಟ್ಟ ವಾರವನ್ನು ಡೆಮೋ ತಿಂದು ಹಾಕುತ್ತದೆ.

ಈಗ ಅಂಗೈಗೆ ಬಂದ ತಂತ್ರಜ್ಞಾನದ ಮಾತು. ಯುಪಿಐ 2016ರಲ್ಲಿ ಶುರುವಾಯಿತು. ಅದೇ ವರ್ಷ ಅಗ್ಗದ ಡೇಟಾ ಬಂತು, ನೋಟು ರದ್ದಾಯಿತು. ಚಳ್ಳಕೆರೆಯ ಮಂಡಕ್ಕಿ ಗಾಡಿಯವರೂ ಕ್ಯೂಆರ್ ಚೀಟಿ ಅಂಟಿಸಿಕೊಂಡರು. ಇಷ್ಟು ಜನ ಇಷ್ಟು ಬೇಗ ಒಗ್ಗಿಕೊಂಡ ಸಾಫ್ಟ್‌ವೇರು ನನ್ನ ಕಾಲದಲ್ಲಿ ಇನ್ನೊಂದಿಲ್ಲ, ಹೊಗಳಬೇಕಾದ್ದೇ. ಆದರೆ ಅದರಲ್ಲೊಂದು ಗಳಿಗೆ ಇದೆ. ಕೊಟ್ಟವನ ಖಾತೆಯಿಂದ ದುಡ್ಡು ಹೋಗಿದೆ, ಅಂಗಡಿಯವನಿಗೆ ಬಂದಿಲ್ಲ, ತೆರೆಯ ಮೇಲೆ ಹಳದಿ ಚಕ್ರ ಸುತ್ತುತ್ತಿದೆ. ಆಗಲೂ ಇಲ್ಲ, ಆಗದೆಯೂ ಇಲ್ಲ. ಅಪ್ಪನ ಪುಸ್ತಕದಲ್ಲಾದರೆ ಅದಕ್ಕೆ ಅನಾಮತ್ತು ಖಾತೆ ಅಂತ ಒಂದು ಪುಟ ಇತ್ತು, ಚುಕ್ತಾ ಮಾಡದೆ ಆ ಪುಟ ಮಗುಚುವಂತಿರಲಿಲ್ಲ. ಇಲ್ಲಿ ಗಾಡಿಯ ಮುಂದೆ ಇಬ್ಬರು ಮನುಷ್ಯರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿರುತ್ತಾರೆ. ಇಂಥ ದುಡ್ಡು ಎಷ್ಟು ದಿನದಲ್ಲಿ ವಾಪಸಾಗಬೇಕೆಂದು ರಿಸರ್ವ್ ಬ್ಯಾಂಕು 2019ರಲ್ಲೇ ಗಡುವು ಹಾಕಿದೆ: ವ್ಯಕ್ತಿಯಿಂದ ವ್ಯಕ್ತಿಗಾದರೆ ಮರುದಿನದೊಳಗೆ, ಅಂಗಡಿಗಾದರೆ ಐದು ದಿನದೊಳಗೆ, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ನಿಯಮ ಗೊತ್ತಿರುವ ಗಿರಾಕಿಯನ್ನು ನಾನು ಗಾಡಿಯ ಮುಂದೆ ಕಂಡಿಲ್ಲ. ಹಳದಿ ಚಕ್ರದ ಕೆಳಗೆ ಅದನ್ನೊಂದು ಸಾಲು ಕನ್ನಡದಲ್ಲಿ ಬರೆಯಲು ಜಾಗಕ್ಕೇನೂ ಕೊರತೆಯಿರಲಿಲ್ಲ.

ಗಾಡಿಯವರು ತಮ್ಮ ಪರಿಹಾರ ತಾವೇ ಕಂಡುಕೊಂಡರು. ಅವರು ಗಿರಾಕಿಯ ಫೋನು ನೋಡುವುದಿಲ್ಲ, ಸುಳ್ಳು ಸ್ಕ್ರೀನ್‌ಶಾಟಿಗೆ ಮೋಸ ಹೋದ ಮೇಲಂತೂ ಅದರತ್ತ ತಿರುಗುವುದೂ ಇಲ್ಲ. ಎಣ್ಣೆಯ ಕೈ, ಎದುರಿಗೆ ನಾಲ್ಕಾರು ಜನ. ಪಕ್ಕದಲ್ಲಿಟ್ಟ ಪೆಟ್ಟಿಗೆ ಕನ್ನಡದಲ್ಲಿ ಇಷ್ಟು ರೂಪಾಯಿ ಬಂತು ಎಂದು ಕೂಗಿದರೆ ಬಂತು, ಕೂಗದಿದ್ದರೆ ಇಲ್ಲ. ನನಗೆ ಗೊತ್ತಿರುವ ದಿನಬಳಕೆಯ ಸಾಧನಗಳಲ್ಲಿ ಆ ಮಾತಾಡುವ ಪೆಟ್ಟಿಗೆಗೆ ನಾನು ಮೊದಲ ಮಣೆ ಹಾಕುತ್ತೇನೆ. ಅದಕ್ಕೆ ಒಂದೇ ಕೆಲಸ. ಗೊತ್ತಿಲ್ಲದಿದ್ದಾಗ ಅದು ಬಾಯಿ ಮುಚ್ಚಿಕೊಂಡಿರುತ್ತದೆ.

ಬಾಯಿ ಮುಚ್ಚಿಕೊಳ್ಳದ ಸಾಧನ ಇನ್ನೊಂದು ಬಂದಿದೆ. ಮಾವನ ಮೊಮ್ಮಗಳು ಎಂಜಿನಿಯರಿಂಗ್ ಓದುತ್ತಾಳೆ, ಕೋಡು ಬರೆಯುವುದು ಎಐ ಕೈಯಲ್ಲಿ. ನಾನೂ ದಿನಾ ಬಳಸುತ್ತೇನೆ, ಮಡಿ ಮಾಡುವುದಿಲ್ಲ. ಬೇಸರದ ಕೆಲಸವನ್ನು ಅದು ಚಕಚಕನೆ ಮುಗಿಸುತ್ತದೆ. ಹೋದ ಸಲ ಊರಿಗೆ ಹೋದಾಗ ಅವಳು ಲ್ಯಾಪ್‌ಟಾಪು ತಿರುಗಿಸಿ ತೋರಿಸಿದಳು. "ನೋಡಿ ಮಾವ, ಟೆಸ್ಟ್ ಫೇಲ್ ಆಗ್ತಿತ್ತು, ಸರಿ ಮಾಡು ಅಂದೆ, ಪಾಸ್ ಆಯ್ತು." ಒಳಗೆ ನೋಡಿದರೆ ಕೋಡು ಇದ್ದ ಹಾಗೇ ಇತ್ತು. ಅದು ತಿದ್ದಿದ್ದು ಟೆಸ್ಟನ್ನು! ಚಳ್ಳಕೆರೆಯ ಮಹಡಿಯ ಆ ಒಂದು ಸಾಲು ಇಷ್ಟು ವರ್ಷ ಓದಿ, ಇಂಗ್ಲಿಷ್ ಕಲಿತು, ಕೋಟು ಹಾಕಿಕೊಂಡು ಎದುರು ಕೂತ ಹಾಗಿತ್ತು. ತಮಾಷೆಗೆಂದು ಅದರ ಹತ್ತಿರ ಮೂರು ಲಾಳಿಯ ಸೀರೆ ನೇಯುವುದು ಹೇಗೆ ಎಂದು ಕನ್ನಡದಲ್ಲಿ ಕೇಳಿಸಿದೆ. ಒಂದು ಪುಟ ಉತ್ತರ ಬಂತು, ಸರಾಗವಾದ ಕನ್ನಡ. ಅವಳು ಓದಿ ಹೇಳಿದಳು, ಮಾವ ಮಂಚದ ಮೇಲಿಂದಲೇ ಕೇಳಿಸಿಕೊಂಡ. ವಯಸ್ಸಾಗಿದೆ, ಮಗ್ಗ ಬಿಟ್ಟು ಬಹಳ ಕಾಲವಾಯಿತು.

"ಯಾರವ್ವ ಇದು ಹೇಳಿದ್ದು?"

"ಕಂಪ್ಯೂಟ್ರು ತಾತ."

"ಮಗ್ಗದ ಮನೆ ಕಂಡಿಲ್ಲ ಅದು. ಗೊತ್ತಿಲ್ಲ ಅನ್ನಾಕೆ ಏನಾಗಿತ್ತಂತೆ?"

ಈ ಪ್ರಶ್ನೆಯನ್ನು ಈಗ ದೊಡ್ಡ ದೊಡ್ಡ ಪ್ರಯೋಗಾಲಯಗಳೂ ಕೇಳಿಕೊಳ್ಳುತ್ತಿವೆ. ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತ ಹೋಗುವ ಯಂತ್ರಕ್ಕೆ ಊಹೆ ನಿಲ್ಲಿಸಬೇಕಾದ ಜಾಗ ಕಲಿಸುವುದು ಸುಲಭವಲ್ಲ. ಅದು ಕಲಿಯುವವರೆಗೆ ಮೆಟ್ಟಿನ ಮೇಲಿನ ಕಾಲು ನಮ್ಮದೇ ಇರಬೇಕು ಎಂದು ಮೊಮ್ಮಗಳಿಗೆ ಹೇಳಿದೆ. ಆಯ್ತು ಮಾವ ಎಂದಳು. ಕೇಳಿದಳೋ ಬಿಟ್ಟಳೋ.

ಇಷ್ಟೆಲ್ಲ ಬರೆದ ಮೇಲೆ, ನಿಲ್ಲುವ ಯಂತ್ರವನ್ನೂ ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೆ ಅತ್ತೆಯ ಹೆಬ್ಬೆಟ್ಟು ಕಾರಣ. ಅತ್ತೆ, ಮಾವನ ಹೆಂಡತಿ, ಮದುವೆಯಾಗಿ ಬಂದಾಗಿನಿಂದ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಿದವಳು. ಬೆರಳ ನಡುವೆ ರೇಷ್ಮೆ ಓಡಿ ಓಡಿ ಗೆರೆಗಳು ನುಣ್ಣಗಾಗಿವೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಇಟ್ಟರೆ ಯಂತ್ರ ಒಪ್ಪುವುದಿಲ್ಲ. ಒರೆಸಿ ಇಟ್ಟಳು, ಸೆರಗಿಗೆ ಉಜ್ಜಿ ಇಟ್ಟಳು, ತೋರುಬೆರಳಿಟ್ಟಳು, ಎಡಗೈ ಇಟ್ಟಳು. ಯಂತ್ರ ನಿಂತಿತು. ತಪ್ಪು ಕಂಡಿತು, ನಿಂತಿತು, ಕೆಂಪು ದೀಪ ತೋರಿಸಿತು. ನನ್ನ ಪುಸ್ತಕದ ಪ್ರಕಾರ ಅದು ಮಾಡಬೇಕಾದ್ದೆಲ್ಲ ಮಾಡಿತು. "ನಾಳೆ ಬಾರಮ್ಮ, ಸರ್ವರ್ ಸರಿ ಇದ್ರೆ ತಗಂತೈತೆ" ಎಂದರು ಅಂಗಡಿಯವರು. ಅತ್ತೆ ಖಾಲಿ ಚೀಲ ಮಡಿಸಿಕೊಂಡು ಬಂದಳು.

ಮಗ್ಗ ನಿಂತಾಗ ಎದುರಿಗೆ ಮಾವ ಇದ್ದ, ಕಿವಿಯ ಹಿಂದೆ ರೇಷ್ಮೆಯ ತುಣುಕು ಇತ್ತು. ಟೊಯೋಡಾನ ಮಗ್ಗ ನಿಂತಾಗ ಯಾರೋ ಅತ್ತ ನಡೆದು ಬರುತ್ತಿದ್ದರು. ಎಳೆ ಜೋಡಿಸುವವರಿಲ್ಲದ ಕಡೆ ನಿಲ್ಲುವ ಯಂತ್ರ ಎಂದರೆ ಮುಚ್ಚಿದ ಬಾಗಿಲು. ಆ ಅಂಗಡಿಯಲ್ಲಿ ಎಳೆ ಜೋಡಿಸುವ ಅಧಿಕಾರ ಯಾರಿಗಿತ್ತು? ಅಂಗಡಿಯವರಿಗಿರಲಿಲ್ಲ. ಅತ್ತೆಯನ್ನು ಮೂವತ್ತು ವರ್ಷದಿಂದ ಬಲ್ಲ ಮನುಷ್ಯ, ಇವಳೇ ಅವಳು ಎಂದು ಹೇಳಲು ಯಂತ್ರ ಅವರಿಗೆ ಒಂದು ಗುಂಡಿಯನ್ನೂ ಕೊಟ್ಟಿರಲಿಲ್ಲ. ಬೆರಳಚ್ಚಿನ ಅದೇ ತಂತ್ರವನ್ನು ನಮ್ಮ ರಾಜ್ಯದಲ್ಲೇ ಹಿಂದೆ ತಲೆಕೆಳಗಾಗಿ ಬಳಸಿದ್ದರು. 2001ರಲ್ಲಿ ಭೂಮಿ ಯೋಜನೆಯಲ್ಲಿ ಪಹಣಿಗಳು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದಾಗ ಬೆರಳಚ್ಚು ಕೊಡಬೇಕಾದವರು ರೈತರಲ್ಲ, ದಾಖಲೆ ತಿದ್ದುವ ನೌಕರರು. ಯಾರು ತಿದ್ದಿದರು ಎನ್ನುವುದು ಉಳಿಯಬೇಕು, ಆಮೇಲೆ ನಾನಲ್ಲ ಎನ್ನುವಂತಿರಬಾರದು ಎನ್ನುವುದು ಅದರ ಹಿಂದಿನ ಯೋಚನೆ. ಬೆರಳು ಅದೇ. ಯಾರ ಬೆರಳು ಎನ್ನುವುದರಲ್ಲಿ ಎಲ್ಲ ಇದೆ.

ಬರೆದವನ ಗುರುತು ಉಳಿಯುವುದಕ್ಕೆ ನಮ್ಮ ಕಡೆ ಇನ್ನೂ ಹಳೆಯ ಸಾಕ್ಷಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಕಂಡುಹಿಡಿದದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ. ಒಂದೇ ಒಕ್ಕಣೆ, ಹತ್ತಿರ ಹತ್ತಿರದ ಮೂರು ಬಂಡೆಗಳ ಮೇಲೆ. ಶಾಲೆಯಿಂದ ಕರೆದುಕೊಂಡು ಹೋದಾಗ ನಮಗೆ ಬಂಡೆ ಹತ್ತುವುದೇ ಮುಖ್ಯವಾಗಿತ್ತು. ಎಷ್ಟೋ ವರ್ಷದ ಮೇಲೆ ಓದಿ ತಿಳಿದದ್ದು: ಆಜ್ಞೆಯ ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಎಂದು. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ತಾನು ಲಿಪಿಕಾರ ಎನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ದೂರದ ವಾಯವ್ಯದ ಲಿಪಿ, ಇಲ್ಲಿ ಯಾರೂ ಓದುತ್ತಿರಲಿಲ್ಲ. ಕೋಡಿನ ಮೂಲೆಯಲ್ಲಿ ಗುಟ್ಟಾಗಿ ತನ್ನ ಗುರುತು ಬಿಡುವ ನಮ್ಮ ಹುಡುಗರ ಚಪಲವೇ ಅದು ಎಂದು ಮೊದಲು ನಗು ಬಂತು. ಆಮೇಲೆ ನಗು ಹೋಯಿತು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಆಜ್ಞೆಯನ್ನು ಬರೆದವರು ಯಾರೆಂದು ಇವತ್ತೂ ಹೇಳಬಹುದು. ಅತ್ತೆಯ ಅಕ್ಕಿ ತಡೆದ ಪ್ರೋಗ್ರಾಮನ್ನು ಬರೆದವರು ಯಾರೆಂದು ಕೇಳಿದರೆ ಅಂಗಡಿಯವರು ಯಂತ್ರ ತೋರಿಸುತ್ತಾರೆ.

ಅತ್ತೆಗೆ ಆಮೇಲೆ ಅಕ್ಕಿ ಸಿಕ್ಕಿತು. ಫೋನಿಗೆ ಬರುವ ಓಟಿಪಿಯ ದಾರಿ ಇದೆ ಎಂದು ಗೊತ್ತಾಗಿ, ಮೊಮ್ಮಗಳು ಕಾಲೇಜಿಗೆ ರಜೆ ಹಾಕಿ ಜೊತೆಗೆ ಹೋದಳು. ದಾರಿ ಮೊದಲಿಂದಲೂ ಇತ್ತು. ಕೆಂಪು ದೀಪದ ಪಕ್ಕ ಅದನ್ನು ಹೇಳುವವರಿರಲಿಲ್ಲ.

ಈಗ ಚಳ್ಳಕೆರೆ, ಮೊಳಕಾಲ್ಮೂರಿನ ಪ್ರತಿ ಬೀದಿಯಿಂದಲೂ ಒಬ್ಬರಾದರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ನಾನಿರುವ ಕಡೆಯೇ ಎರಡೂ ಊರಿನವರು ಇದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪ್ರೋಗ್ರಾಮು ಎಲ್ಲಿ ನಿಲ್ಲುತ್ತದೋ ಆ ತೆರೆಯ ಮೇಲೆ ಯಾಕೆ ನಿಂತಿತು, ಇನ್ನೊಂದು ದಾರಿ ಯಾವುದು ಎಂದು ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಕೆಳಗೆ ಒಂದು ಫೋನ್ ನಂಬರು ಹಾಕಿ. ಅದು ಹೊಡೆದುಕೊಂಡಾಗ ಎತ್ತಲು ಒಬ್ಬ ಮನುಷ್ಯನನ್ನು ಇಡಿಸಿ. ಮ್ಯಾನೇಜರು ಖರ್ಚು ಹೆಚ್ಚು ಎನ್ನುತ್ತಾರೆ. ಹಟ ಹಿಡಿಯಿರಿ.